ಚುಚ್ಚುಸಾಹೇಬರ ಬೀನ್ಸ್ ಪಾತಿ

ಗೋದಾಮಿನಲ್ಲಿ ಅವರಿಗಿದ್ದ ಕೆಲಸ ಒಂದೇ: ಬಂದ ಮೂಟೆಯನ್ನು ನಂಬದಿರುವುದು. ತುದಿ ಚೂಪಾದ ಕಬ್ಬಿಣದ ಕೊಳವೆಯನ್ನು ಮೂಟೆಯ ಹೊಟ್ಟೆಗೆ ಚುಚ್ಚಿ, ಹೊರಗೆಳೆದು, ಅದರಲ್ಲಿ ಸಿಕ್ಕ ಕಾಳನ್ನು ಅಂಗೈಗೆ ಸುರಿದುಕೊಂಡು ನೋಡುವರು. ನಡುವೆ ಕಲ್ಲು ತುಂಬಿ ತರುವ ವ್ಯಾಪಾರಿಗಳಿಗೆ ಅವರನ್ನು ಕಂಡರೆ ಎದೆ ಡವಡವ. ಒಳ್ಳೆಯ ಮಾಲು ತಂದವರಿಗೂ ಅಷ್ಟೇ. ಕಾಳು ಚೆನ್ನಾಗಿದ್ದಷ್ಟೂ ಅವರ ಗುಮಾನಿ ಹೆಚ್ಚುತ್ತಿತ್ತು. ಹೀಗೆ ಎಲ್ಲರ ಬಾಯಲ್ಲಿ ಅವರು ಚುಚ್ಚುಸಾಹೇಬರಾದರು. ಆ ಹೆಸರು ಇಟ್ಟವರು ಯಾರೆಂದು ಪತ್ತೆ ಹಚ್ಚುವಷ್ಟರಲ್ಲಿ ನಿವೃತ್ತಿಯಾಯಿತು.

ಮನುಷ್ಯ ನಿವೃತ್ತನಾದರೂ ಗುಮಾನಿ ನಿವೃತ್ತವಾಗಬೇಕಲ್ಲ. ಸಾಹೇಬರು ಅಡುಗೆಮನೆಗೆ ನುಗ್ಗಿದರು. ಡಬ್ಬದ ಮುಚ್ಚಳ ತೆಗೆದು ಮೂಸಿದರು, ಹಾಲಿಗೆ ಬೆರಳದ್ದಿದರು, ಉಪ್ಪಿನಲ್ಲಿ ಮರಳಿದೆಯೇ ಎಂದು ಕರಗಿಸಿ ನೋಡಿದರು. ಸ್ವಲ್ಪ ದಿನ ತಡೆದುಕೊಂಡ ಹೆಂಡತಿ ಕೊನೆಗೆ ಕೈಲಿದ್ದ ಸೌಟಿನಿಂದಲೇ ಹಿತ್ತಿಲ ಬಾಗಿಲು ತೋರಿಸಿದರು.

"ರೀ, ಹೊರಗೆ ಒಂದು ತುಂಡು ಮಣ್ಣಿದೆ. ಏನಾದ್ರೂ ಬೆಳೀರಿ. ಇನ್ನೊಂದು ಸಲ ನನ್ನ ಸಾಸಿವೆ ಡಬ್ಬಕ್ಕೆ ಕೈ ಹಾಕಿದ್ರೆ ನಾನು ನಮ್ಮಕ್ಕನ ಮನೇಲಿರ್ತೀನಿ."

ಆ ತುಂಡು ಮಣ್ಣಿನ ಮೇಲೆ, ಅವರಿಗೆ ಮನೆ ಬಾಡಿಗೆ ಕೊಟ್ಟು ಮಹಡಿಯಲ್ಲಿದ್ದ ಯಜಮಾನಿಯ ಕಣ್ಣೂ ಇತ್ತು. ಸಿಮೆಂಟು ಹಾಕಿಸಿ ಸ್ಕೂಟರ್ ನಿಲ್ಲಿಸುವ ಯೋಚನೆ ಆಕೆಯದು. "ಮೇಸ್ತ್ರಿ ಬರೋಕೆ ಇನ್ನೂ ಟೈಮಿದೆ. ಅಷ್ಟರಲ್ಲಿ ಹಸಿರು ಕಂಡ್ರೆ ಜಾಗ ನಿಮ್ಮದು, ಇಲ್ಲದಿದ್ರೆ ಸ್ಕೂಟರಿಂದು," ಎಂದರು. ಸಾಹೇಬರು ಒಪ್ಪಿದರು. ಒಪ್ಪದೆ ಎಲ್ಲಿಗೆ ಹೋಗುವುದು? ಗೋದಾಮಿನಲ್ಲಿ ಹೊಸಬ ಬಂದಿದ್ದ, ಅಡುಗೆಮನೆಯಲ್ಲಿ ಸೌಟು ಕಾದಿತ್ತು.

ಬೀಜದಂಗಡಿಗೆ ಹೋಗಿ ಬೀನ್ಸ್ ಬೀಜದ ಪೊಟ್ಟಣ ಹಿಡಿದು ಕೇಳಿದರು.

"ಮೊಳಕೆ ಬರುತ್ತೇನಯ್ಯಾ?"

"ಬರುತ್ತೆ ಸಾರ್."

"ಅಷ್ಟು ಬೇಗ ಹೇಗೆ ಹೇಳಿದೆ?"

"ನಿಧಾನವಾಗಿ ಹೇಳ್ಲಾ ಸಾರ್?" ಅಂಗಡಿಯವನು ಬಗ್ಗಲಿಲ್ಲ. "ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಇಡಿ. ಮಣ್ಣು ಒದ್ದೆ ಆಗೋವಷ್ಟು ನೀರು ಹಾಕಿ. ಆಮೇಲೆ ಸುಮ್ಮನಿರಿ."

ಮೊದಲೆರಡು ಮಾತನ್ನು ಸಾಹೇಬರು ಒಪ್ಪಿದರು. ಮೂರನೆಯದು ಗಂಟಲಲ್ಲಿ ಸಿಕ್ಕಿಕೊಂಡಿತು. ಸುಮ್ಮನಿರಿ ಎಂದವರ ಮೂಟೆಯನ್ನು ಅವರು ಯಾವತ್ತೂ ಎರಡು ಕಡೆ ಚುಚ್ಚಿದವರು.

ಕೆಲಸವೇನೋ ಚೊಕ್ಕವಾಗಿಯೇ ಮಾಡಿದರು. ಮಣ್ಣು ಅಗೆದು, ಹೆಂಟೆ ಒಡೆದು, ಕಲ್ಲು ಆರಿಸಿ ಬೀಜ ಊರಿದರು. ಏನೂ ಮೇಲೆ ಬರಲಿಲ್ಲ. ಬೀಜವನ್ನು ಹುರಿದು ಮಾರಿದ್ದಾನೆಂದು ಅಂಗಡಿಯವನ ಮೇಲೆ ಅನುಮಾನ ಬಂತು. ಆಮೇಲೆ ಅದು ಗುಬ್ಬಚ್ಚಿಗಳ ಮೇಲೆ ಕೂತಿತು. ಕೊನೆಗೆ ಗೋಡೆಯಾಚೆಯ ಟೈಲರ್ ಮೇಲೆ ಬಂದು ನಿಂತಿತು. ಅವನ ಸೊಪ್ಪಿನ ಪಾತಿ ನಾಚಿಕೆಯಿಲ್ಲದೆ ಸೊಕ್ಕಿ ನಿಂತಿತ್ತು. ಸಾಹೇಬರು ಬಚ್ಚಲಿನ ಕಿಟಕಿಯಿಂದ ಅವನನ್ನು ಕಾಯತೊಡಗಿದರು.

ಒಂದು ಬೆಳಿಗ್ಗೆ ಟೈಲರ್ ಕೊರಳಿಗೆ ಟೇಪು ಹಾಕಿಕೊಂಡೇ ಗೋಡೆಯ ಮೇಲೆ ತಲೆಯಿಟ್ಟ.

"ಸಾರ್, ಮಣ್ಣು ಯಾರೋ ಕೆದಕಿದ ಹಾಗಿದೆಯಲ್ಲ."

"ಯಾರು ಅಂತ ನಿಮಗೆ ಗೊತ್ತಿರಬೇಕು."

ಟೈಲರ್ ತಲೆ ಕೆಳಗಿಳಿಸಿದ. ಸಾಹೇಬರ ಗುಮಾನಿ ಗಟ್ಟಿಯಾಯಿತು.

ಮರುದಿನ ಬಟ್ಟೆ ಒಣಹಾಕಲು ಬಂದ ಹೆಂಡತಿ ನಿಂತಲ್ಲೇ ನಿಂತರು. ಗಂಡ ಕುಕ್ಕರುಗಾಲಲ್ಲಿ ಕೂತು ಗೋದಾಮಿನ ಹಳೆಯ ಕೊಳವೆಯನ್ನು ಮಣ್ಣಿಗೆ ಚುಚ್ಚುತ್ತಿದ್ದರು.

"ಏನ್ರೀ ಅದು?"

"ತಪಾಸಣೆ."

"ದಿನಾ ಮಾಡ್ತೀರಾ?"

"ಮತ್ತೆ? ಒಳಗೇನಿದೆ ಅಂತ ನೋಡದೆ ಯಾರಾದ್ರೂ ಬಿಡ್ತಾರೇನೇ?"

ಕೊಳವೆ ಹೊರಗೆಳೆದು ಅಂಗೈಗೆ ಸುರಿದರು. ಹಸಿಮಣ್ಣಿನ ಜೊತೆ ಸೀಳಿದ ಬೀಜವೊಂದು ಬಂತು. ಅದರಿಂದ ಹೊರಟ ಬಿಳಿ ಬೇರು ಎರಡು ತುಂಡಾಗಿತ್ತು. ಹೆಂಡತಿ ಬಗ್ಗಿ ನೋಡಿದರು.

"ಇದು ಬದುಕಿತ್ತು ಕಣ್ರೀ."

ಸಾಹೇಬರು ಟೈಲರ್ ಗೋಡೆಯತ್ತ ನೋಡಿದರು. ಅದರಿಂದ ಈಗ ಏನೂ ಪ್ರಯೋಜನವಿರಲಿಲ್ಲ. ಕಳ್ಳ ಸಿಕ್ಕಿಬಿದ್ದಿದ್ದ, ಮಾಲು ಅವನ ಕೈಯಲ್ಲೇ ಇತ್ತು.

"ಇನ್ನೇನಾದ್ರೂ ಉಳಿದಿದೆಯಾ?"

"ಗೋಡೆ ಪಕ್ಕ ಒಂದೇ ಒಂದು. ಪೊಟ್ಟಣದ ತಳದಲ್ಲಿತ್ತು, ಮೊನ್ನೆ ಇಟ್ಟೆ. ಅದರ ಸರದಿ ಇನ್ನೂ ಬಂದಿಲ್ಲ."

"ಬರೋದೂ ಬೇಡ," ಎಂದು ಹೆಂಡತಿ ಕೊಳವೆ ಕಿತ್ತುಕೊಂಡು ಒಳಗೆ ಹೋದರು.

ಅದೇ ಹೊತ್ತಿಗೆ ಮೇಸ್ತ್ರಿಯನ್ನು ಕರೆದುಕೊಂಡು ಯಜಮಾನಿ ಮೆಟ್ಟಿಲಿಳಿದು ಬಂದರು.

"ಹಸಿರು ಕಾಣ್ತಿಲ್ವಲ್ಲ ಸಾಹೇಬ್ರೇ."

"ಕೆಳಗಿದೆ ಅಮ್ಮಾ. ಒಂದು."

"ಕೆದಕಿ ತೋರಿಸಿ, ನೋಡೋಣ."

ಸಾಹೇಬರ ಬೆರಳು ತಾನಾಗಿಯೇ ಮುಂದೆ ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು. "ಕೆದಕಿದ್ರೆ ಸಾಯುತ್ತೆ."

"ನೋಡದೆ ನಂಬೋದು ಹೇಗೆ?"

ಜೀವಮಾನವಿಡೀ ಅವರೇ ಕೇಳುತ್ತ ಬಂದ ಪ್ರಶ್ನೆ. ಅದಕ್ಕೆ ಯಾವ ವ್ಯಾಪಾರಿಯ ಉತ್ತರವೂ ಅವರಿಗೆ ರುಚಿಸಿರಲಿಲ್ಲ.

"ನಂಬಬೇಡಿ," ಎಂದರು. "ಸ್ವಲ್ಪ ಕಾಯಿರಿ, ಅಷ್ಟೇ."

ಯಜಮಾನಿ ಮೇಸ್ತ್ರಿಯ ಮುಖ ನೋಡಿದರು. ಸೋರುವ ತಾರಸಿಯನ್ನು ಸರಿಮಾಡುವುದೂ ಅವನ ಕೆಲಸದಲ್ಲಿ ಸೇರಿತ್ತು. "ಸರಿ, ಮೊದಲು ಮೇಲಿನದು ಮುಗಿಸಪ್ಪಾ. ಆಮೇಲೆ ಒಂದು ಗಳಿಗೆಯೂ ಕಾಯಲ್ಲ ನಾನು."

ಸಾಹೇಬರು ಸ್ಟೂಲು ಹಾಕಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತರು. ಮಣ್ಣನ್ನು ಬಿಟ್ಟ ಗುಮಾನಿ ಈಗ ತಾರಸಿಗೆ ಹತ್ತಿತ್ತು: ಮೇಸ್ತ್ರಿ ಬೇಗ ಬೇಗ ಕೆಲಸ ಮಾಡುತ್ತಿದ್ದಾನೆ. ಇಂಥ ಆರೋಪ ಹೊತ್ತ ಮೇಸ್ತ್ರಿ ಅವನೊಬ್ಬನೇ ಇರಬೇಕು. ಅವನಿಗೆ ಗಳಿಗೆಗೊಂದು ಸಲ ಚಹಾ ಕಳಿಸಿದರು, ಊರಿನ ಸುದ್ದಿ ಕೇಳಿದರು, ಮನೆಯವರ ಆರೋಗ್ಯ ವಿಚಾರಿಸಿದರು.

ಮೇಸ್ತ್ರಿ ಕೆಳಗಿಳಿದು ಬಂದ ದಿನ ಗೋಡೆಯ ಪಕ್ಕದ ಮಣ್ಣು ಬಿರುಕು ಬಿಟ್ಟಿತ್ತು. ತಿಳಿಹಸಿರಿನ ಏನೋ ಒಂದು ಕತ್ತು ಬಗ್ಗಿಸಿಕೊಂಡು ಹೊರಬಂದಿತ್ತು.

"ಇದು ಬೀನ್ಸಾ, ಕಳೆಯಾ?" ಯಜಮಾನಿ ಕೇಳಿದರು.

ಸಾಹೇಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಗೋಡೆಯಾಚೆ ಇದ್ದ. ಗೋಡೆಯತ್ತ ತಿರುಗಿ, "ಟೈಲರ್ ಅವ್ರೇ, ಒಂದು ನಿಮಿಷ ಬರ್ತೀರಾ?" ಎಂದರು.

ಟೈಲರ್ ಬೇಕೆಂದೇ ನಿಧಾನವಾಗಿ ನೋಡಿದ. "ಬೀನ್ಸೇ ಅಮ್ಮಾ. ಹೀಗೆ ತಲೆ ತಗ್ಗಿಸಿ ಬರೋವಷ್ಟು ಮರ್ಯಾದೆ ಕಳೆಗೆ ಎಲ್ಲಿರುತ್ತೆ?"

ಯಜಮಾನಿ ಕಾಲಿನಿಂದ ಗೆರೆ ಎಳೆದರು. ಗೋಡೆಯ ಕಡೆಗೆ ಒಂದು ಮೊಳ ಮಣ್ಣು ಸಾಹೇಬರಿಗೆ, ಉಳಿದದ್ದು ಸ್ಕೂಟರಿಗೆ. ಸಾಹೇಬರು ತಕರಾರು ತೆಗೆಯಲಿಲ್ಲ. ಮೇಸ್ತ್ರಿ ಸಿಮೆಂಟು ಕಲಸಲು ತೊಡಗಿದಾಗ ಸ್ಟೂಲನ್ನು ಆ ಗೆರೆಯ ಮೇಲೆಯೇ ಎಳೆದುಕೊಂಡು, ಮೊಳಕೆಗೆ ಬೆನ್ನು ಮಾಡಿ, ಅವನ ಚಪ್ಪಲಿಗಳು ಗೆರೆ ದಾಟುತ್ತವೆಯೇ ಎಂದು ನೋಡುತ್ತ ಕೂತರು.