ಎರಡೂವರೆ ನಿಮಿಷದ ಕಾಶೀರಾಮ

ಔರಾದಿನಲ್ಲಿ ನಳಕ್ಕೆ ನೀರು ಬಿಡುವ ಕಾಶೀರಾಮನಿಗೆ ತನ್ನ ಕಂಠದ ಮೇಲಿದ್ದ ವಿಶ್ವಾಸ ತನ್ನ ಪಂಪಿನ ಮೇಲೆ ಎಂದೂ ಇರಲಿಲ್ಲ. ಪಂಪು ವಾರಕ್ಕೊಮ್ಮೆ ಕೈಕೊಡುತ್ತಿತ್ತು. ಕಂಠ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಇದರಲ್ಲಿ ಪಂಪ್‌ಹೌಸಿನ ಪಾಲು ದೊಡ್ಡದು. ಸುತ್ತ ಗೋಡೆ, ಮೇಲೆ ಕಾಂಕ್ರೀಟು, ಕೆಳಗೆ ನೀರು. ಅಲ್ಲಿ ಒಬ್ಬ ಕೆಮ್ಮಿದರೆ ನಾಲ್ವರು ಕೆಮ್ಮಿದಂತೆ ಕೇಳುತ್ತದೆ. ಅಂಥ ಜಾಗದಲ್ಲಿ ದಿನಾ ಬೆಳಿಗ್ಗೆ ತಾಲೀಮು ಮಾಡುವ ಮನುಷ್ಯ ತನ್ನನ್ನು ತಾನೇ ದೊಡ್ಡ ಗವಾಯಿ ಎಂದುಕೊಂಡರೆ ತಪ್ಪು ಅವನದಲ್ಲ, ಕಾಂಕ್ರೀಟಿನದು. ಇದನ್ನು ಈಗ ಅವನೇ ಹೇಳಿ ನಗುತ್ತಾನೆ. ಆಗ ನಗುತ್ತಿರಲಿಲ್ಲ.

ಸರ್ಕಾರಿ ದಾಖಲೆಯಲ್ಲಿ ಆತ ಪಂಪ್ ಆಪರೇಟರ್. ಆದರೆ ಜನವರಿ ಇಪ್ಪತ್ತಾರು, ಆಗಸ್ಟ್ ಹದಿನೈದು, ಕಲ್ಯಾಣ ಕರ್ನಾಟಕ ಉತ್ಸವದ ಸೆಪ್ಟೆಂಬರ್ ಹದಿನೇಳು, ರಾಜ್ಯೋತ್ಸವದ ನವೆಂಬರ್ ಒಂದು, ಈ ನಾಲ್ಕು ದಿನ ತಾಲ್ಲೂಕಿನ ಮೈದಾನದಲ್ಲಿ ಮೈಕಿನ ಮುಂದೆ ನಿಂತು ನಾಡಗೀತೆ ಹಾಡುವವನು ಅವನೇ. ಅವನು ಹಾಡುವಾಗ ಇಡೀ ಮೈದಾನ ಗಪ್‌ಚುಪ್. ಸಾವಿರ ಜನ ನಿಂತಿದ್ದರೂ ಒಬ್ಬರ ತುಟಿ ಅಲುಗುತ್ತಿರಲಿಲ್ಲ.

“ನಾ ಹಾಡ್ಲಾಕತ್ತಿದ್ರ ಗುಬ್ಬಿ ಸುದ್ದ ಚಿಂವ್ ಅನ್ನಂಗಿಲ್ರಿ,” ಎಂದು ಚಹಾದಂಗಡಿಯಲ್ಲಿ ಕೂತು ಹೇಳುತ್ತಿದ್ದ. ಆ ಮೌನವೇ ಅವನಿಗೆ ಸಿಕ್ಕ ಏಕೈಕ ಪ್ರಶಸ್ತಿ. ಅದಕ್ಕೆ ಚೌಕಟ್ಟು ಹಾಕಿಸುವ ಹಾಗಿದ್ದರೆ ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದ.

ಹೆಂಡತಿ ಶಾಲುಬಾಯಿಯೂ ಹೆಂಗಸರ ಸಾಲಿನಲ್ಲಿ ತುಟಿ ಬಿಗಿದು, ನೆಲ ನೋಡುತ್ತ ನಿಲ್ಲುತ್ತಿದ್ದಳು. “ಹಾಡಂದ್ರ ನಮ್ಮಾಕಿಗಿ ಆಗಿಬರಂಗಿಲ್ರಿ,” ಎಂದು ಆತ ಗೆಳೆಯರ ಮುಂದೆ ಆಡಿಕೊಳ್ಳುತ್ತಿದ್ದ. ಹುಣ್ಣಿಮೆಯ ದಿನ ಬುದ್ಧವಿಹಾರದಲ್ಲಿ ವಂದನೆ ಹೇಳುವಾಗ ಅದೇ ಶಾಲುಬಾಯಿಯ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ಆ ಎರಡನ್ನೂ ಕೂಡಿಸಿ ನೋಡುವಷ್ಟು ತಲೆ ಅವನಿಗಿರಲಿಲ್ಲ. ತಲೆಯ ತುಂಬ ತನ್ನ ಕಂಠವೇ ತುಂಬಿಕೊಂಡಿದ್ದಾಗ ಇನ್ನೊಂದಕ್ಕೆ ಜಾಗವೆಲ್ಲಿ?

ಕಾಶೀರಾಮನಿಗೆ ಒಂದು ಗುಟ್ಟಿತ್ತು. ಅವನು ಹುಟ್ಟಿದ್ದು ಕಮಲನಗರದ ಕಡೆಯ ಹಳ್ಳಿಯಲ್ಲಿ, ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮಾತು ಸಂತೆಯಲ್ಲಿ, ಹೊಲದಲ್ಲಿ ತಾನಾಗಿ ಬಂತು. ಅಕ್ಷರ ಮಾತ್ರ ನೌಕರಿಗಾಗಿ ಇಪ್ಪತ್ತೆರಡನೇ ವಯಸ್ಸಿಗೆ ಕಲಿತದ್ದು. ಓದುತ್ತಾನೆ, ಆದರೆ ಹಳ್ಳದಲ್ಲಿ ಒಂದೊಂದೇ ಕಲ್ಲಿನ ಮೇಲೆ ಕಾಲಿಟ್ಟು ದಾಟಿದಂತೆ. ಹದಿನೆಂಟು ವರ್ಷದ ಹಿಂದೆ ಒಂದು ಉತ್ಸವದಲ್ಲಿ ಹಾಡಬೇಕಿದ್ದ ಹುಡುಗಿಯರ ಬಸ್ಸು ಕೆಟ್ಟು ನಿಂತು, ವೇದಿಕೆಯ ಮೇಲೆ ನೀರಿನ ಕೊಡ ಇಡಲು ಬಂದಿದ್ದ ಕಾಶೀರಾಮ “ನಾ ಹಾಡ್ತೇನ್ರಿ” ಎಂದು ಕೈಯೆತ್ತಿಬಿಟ್ಟ. ಅಂಬೇಡ್ಕರ್ ಜಯಂತಿಯ ಮೆರವಣಿಗೆಗಳಲ್ಲಿ ಹಾಡಿ ಪಳಗಿದ ಗಂಟಲು, ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಸಾಹಿತ್ಯವೇ ಬರುತ್ತಿರಲಿಲ್ಲ. ಕನ್ನಡ ಶಾಲೆಯ ಮಡೆಪ್ಪ ಮಾಸ್ತರರನ್ನು ಶಾಮಿಯಾನದ ಹಿಂದೆ ಎಳೆದುಕೊಂಡು ಹೋದ. ಮಾಸ್ತರರು ಸಾಲು ಸಾಲಾಗಿ ಹೇಳಿದರು, ಇವನು ಮರಾಠಿ ಅಕ್ಷರದಲ್ಲಿ ಬರೆದುಕೊಂಡ. ಅವತ್ತಿನಿಂದ ಆ ಚೀಟಿಯೇ ಅವನ ದೇವರು. ಪಂಪ್‌ಹೌಸಿನಲ್ಲಿ ಹಾಡು ಬಾಯಿಗೆ ಸರಾಗ ಬರುತ್ತದೆ. ಮೈಕಿನ ಮುಂದೆ ನಿಂತರೆ ಚೀಟಿಯಿಲ್ಲದೆ ಎರಡನೇ ಸಾಲಿಗೇ ದಾರಿ ತಪ್ಪುತ್ತದೆ.

ಕರ್ನಾಟಕದ ಹಾಡನ್ನು ಮರಾಠಿ ಅಕ್ಷರದಲ್ಲಿ ಓದಿ ಹಾಡುತ್ತಾನೆಂದು ಗೊತ್ತಾದರೆ, ಅದೂ ಗಡಿಯ ಊರಿನಲ್ಲಿ, ಮಾನ ಉಳಿದೀತೇ? ಚೀಟಿಯನ್ನು ಮಾಸ್ತರರು ಬಿಟ್ಟರೆ ಬೇರೆ ಯಾರೂ ನೋಡಿರಲಿಲ್ಲ. ಶಾಲುಬಾಯಿ ಅಂಗಿ ಒಗೆಯಲು ತೆಗೆದುಕೊಂಡರೆ ಓಡಿ ಬಂದು ಜೇಬು ಖಾಲಿ ಮಾಡುತ್ತಿದ್ದ. ಬೇರೆ ಹೆಂಡತಿಯಾಗಿದ್ದರೆ ಏನೇನೋ ಅನುಮಾನ ಪಡುತ್ತಿದ್ದಳು. ಈ ಮುಖ ನೋಡಿ ಅದಕ್ಕೆಲ್ಲ ಅವಕಾಶವೇ ಇಲ್ಲವೆಂದು ಆಕೆ ಸುಮ್ಮನಿದ್ದಳು.

ಹೀಗಿರುವಾಗ ನಾಡಗೀತೆಯನ್ನು ಎರಡೂವರೆ ನಿಮಿಷದಲ್ಲಿ ಮುಗಿಸಬೇಕೆಂದು ಸರ್ಕಾರದ ಆದೇಶವಾಯಿತು. ಕಾಶೀರಾಮನಿಗೆ ಎದೆ ಒಡೆದಂತಾಯಿತು. ಅವನದು ಐದು ನಿಮಿಷದ ಗೀತೆ. ಒಂದೊಂದು ಸಾಲಿನ ತುದಿಯಲ್ಲೂ ಒಂದೊಂದು ಆಲಾಪವನ್ನು ಸ್ವಂತ ಖುಷಿಗೆ ಕಟ್ಟಿಟ್ಟಿದ್ದ. ಮಂಡಿನೋವಿನ ಹಿರಿಯರು ಆ ಆಲಾಪಗಳಿಗೆ ಏನೆನ್ನುತ್ತಿದ್ದರೆಂದು ಅವನ ಕಿವಿಗೆ ಬಿದ್ದಿರಲಿಲ್ಲ. ಆದೇಶ ಬಂದ ದಿನ ಅವರಲ್ಲಿ ಇಬ್ಬರು ಚಹಾದಂಗಡಿಯಲ್ಲಿ ಪೇಡೆ ಹಂಚಿದ್ದನ್ನು ನೋಡಿಯೂ ಅವನಿಗೆ ಅರ್ಥವಾಗಲಿಲ್ಲ.

ಅಂತೂ ಕಲಿತ. ಕಲಿಯಲು ಕಾರಣವೂ ಇತ್ತು. ಬರುವ ನವೆಂಬರ್ ಒಂದಕ್ಕೆ ಬೀದರಿನ ಜಿಲ್ಲಾ ಮೈದಾನದಲ್ಲಿ ಹಾಡುವವರನ್ನು ತಾಲ್ಲೂಕುಗಳಿಂದ ಆರಿಸಬೇಕೆಂದು ಉತ್ಸವ ಸಮಿತಿ ತೀರ್ಮಾನಿಸಿತ್ತು. ಸಮಿತಿಯ ಶಿವಕಾಂತಾ ಎಂಬ ಹಿರಿಯ ಮೇಡಂ ಸೆಪ್ಟೆಂಬರ್ ಹದಿನೇಳಕ್ಕೆ ಔರಾದಿಗೆ ಬಂದು ಅವನ ಹಾಡು ಕೇಳುವವರಿದ್ದರು. ಎರಡೇ ಷರತ್ತು: ಸಮಯ ಮೀರಬಾರದು, ದನಿ ಸ್ಪಷ್ಟವಾಗಿ ಕೇಳಬೇಕು. ಬೀದರಿನ ಮೈಕು! ಎರಡೂವರೆ ವರ್ಷದಲ್ಲಿ ನಿವೃತ್ತಿ. ಅದಕ್ಕೂ ಮೊದಲು ಒಂದೇ ಒಂದು ಸಲ ಕೋಟೆಯ ಊರಿನಲ್ಲಿ ಹಾಡಿಬಿಟ್ಟರೆ ಜನ್ಮ ಸಾರ್ಥಕವೆಂದು ಅವನು ನಿಜವಾಗಿಯೂ ನಂಬಿದ್ದ. ಆಸೆ ಎಷ್ಟೆಂದರೆ ಊಟದ ತಟ್ಟೆಯ ಮುಂದೆಯೂ ಗಡಿಯಾರ ಇಟ್ಟುಕೊಂಡು ಗುನುಗುತ್ತಿದ್ದ.

“ರೊಟ್ಟಿಗೂ ಎರಡೂವರೆ ನಿಮಿಷ ಏನ್ರಿ?” ಎಂದಳು ಶಾಲುಬಾಯಿ.

ಆ ಸಲ ಜನರಿಗೂ ಸಾಹಿತ್ಯದ ಹಾಳೆ ಹಂಚಬೇಕೆಂದು ಮಡೆಪ್ಪ ಮಾಸ್ತರರು ಸೂಚಿಸಿದರು. ಮುತ್ತಿನಂಥ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟು, ಭಾಲ್ಕಿಯ ಅಫ್ರೋಜನ ಅಂಗಡಿಯಲ್ಲಿ ಐದುನೂರು ಪ್ರತಿ ತೆಗೆಸಲು ಕಾಶೀರಾಮನಿಗೇ ಹೇಳಿದರು. ಅವನೂ ಅದೇ ವಾರ, ಕಣ್ಣು ಮಂಜಾಗುತ್ತಿದೆಯೆಂದು, ತನ್ನ ಹಳೆಯ ಚೀಟಿಯನ್ನು ಬಿಳಿ ಹಾಳೆಯ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ಹೊಸದಾಗಿ ಬರೆದುಕೊಂಡಿದ್ದ. ಎರಡೂ ಮಡಿಚಿದ ಬಿಳಿ ಹಾಳೆಗಳು, ಎರಡೂ ಒಂದೇ ಜೇಬಿನಲ್ಲಿ. ಉಳಿದದ್ದನ್ನು ಹೇಳಬೇಕಾಗಿಲ್ಲ.

ಆದರೆ ಅಫ್ರೋಜ ಕೇಳಬಾರದಿತ್ತೇ? ಅಫ್ರೋಜನ ಬಳಿ ಔರಾದಿನವರು ಬಂದರೆಂದರೆ ಮದುವೆ ಕಾರ್ಡು, ಕಾರ್ಡೆಂದರೆ ಮರಾಠಿ. ಇಪ್ಪತ್ತು ವರ್ಷದ ಅಭ್ಯಾಸ. ಹಾಳೆ ಬಿಚ್ಚಿದ, ಮರಾಠಿ ಅಕ್ಷರ ಕಂಡ, ಔರಾದಿನ ಗಿರಾಕಿ ಕಂಡ. ಎಲ್ಲ ಸರಿಯಾಗಿಯೇ ಇದೆ ಎಂದುಕೊಂಡ. “ಸುತ್ತ ಅಂಚಿಗಿ ಬಳ್ಳಿ ಹಾಕ್ಲೇನ್ ಚಾಚಾ?” ಎಂದಷ್ಟೇ ಕೇಳಿದ. ಕಾಶೀರಾಮ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ, ಎರಡೂವರೆ ನಿಮಿಷದೊಳಗೆ ಒಂದಾದರೂ ಆಲಾಪ ತುರುಕಬಹುದೇ ಎಂದು ಲೆಕ್ಕ ಹಾಕುತ್ತಿದ್ದ. “ಹಾಕಪಾ, ಛಂದ ಕಾಣ್ಲಿ,” ಎಂದ. ಅಫ್ರೋಜ ಮೂಲ ಪ್ರತಿಯನ್ನೂ ಗಂಟಿನೊಳಗೇ ಸೇರಿಸಿ ಹದಿನೇಳರ ಬೆಳಿಗ್ಗೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ.

ಗಂಟು ನೇರ ಮೈದಾನಕ್ಕೆ ಬಂತು. ಕಚೇರಿಯ ಇಬ್ಬರು ಅದನ್ನು ಬಿಚ್ಚಿ, ಧ್ವಜಕ್ಕೆ ಹೊತ್ತಾಯಿತೆಂದು ಸಾಲುಗಳ ನಡುವೆ ಓಡಾಡಿ ಹಂಚಿಬಿಟ್ಟರು. ಕಾಶೀರಾಮ ವೇದಿಕೆಯ ಪಕ್ಕ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಎದುರಿಗೆ ಶಿವಕಾಂತಾ ಮೇಡಂ ಕೈಯಲ್ಲಿ ಮೊಬೈಲು ಹಿಡಿದು ಸಮಯ ಅಳೆಯಲು ತಯಾರಾಗಿದ್ದರು. ಅವನು ಜೇಬಿಗೆ ಕೈ ಹಾಕಿ ಹಾಳೆ ಬಿಚ್ಚಿದ. ಮಾಸ್ತರರ ಮುತ್ತಿನಂಥ ಕನ್ನಡ ಅಕ್ಷರ ಅವನತ್ತ ನೋಡಿತು.

ಇದು ಇಲ್ಲಿದ್ದರೆ, ಅದೆಲ್ಲಿ? ತಲೆಯೆತ್ತಿ ನೋಡಿದ. ಐದುನೂರು ಕೈಗಳಲ್ಲಿ ಐದುನೂರು ಬಿಳಿ ಹಾಳೆ, ಸುತ್ತ ಬಳ್ಳಿ, ನಡುವೆ ಅವನ ದುಂಡು ದುಂಡಾದ ಮರಾಠಿ ಅಕ್ಷರ. ಹದಿನೆಂಟು ವರ್ಷ ಬಚ್ಚಿಟ್ಟ ಮಾನವನ್ನು ಸ್ವಂತ ಖರ್ಚಿನಲ್ಲಿ, ಬಳ್ಳಿ ಸಮೇತ, ಊರಿಗೆಲ್ಲ ಹಂಚಿದ್ದ.

ಮೂರನೇ ಸಾಲಿನಲ್ಲಿ ಸಂತೋಷಕುಮಾರ ಹಾಳೆಯನ್ನು ಮೇಲಕ್ಕೆತ್ತಿ ಹಿಡಿದ. ಕನ್ನಡ ಯುವಕರ ಸಂಘದ ಕಾರ್ಯದರ್ಶಿ ಅವನು; ಹೆಗಲ ಮೇಲೆ ಹಳದಿ ಕೆಂಪು ಶಾಲು. ಅವನ ಮುಖವೂ ಶಾಲಿನ ಕೆಂಪಿಗೇ ಬಂದಿತ್ತು. “ಏ, ಇದೇನ್ರಿ ಇದು! ನಾಡಗೀತಿ ಮರಾಠಿ ಒಳಗ—” ಎನ್ನುವಷ್ಟರಲ್ಲಿ ಧ್ವಜ ಮೇಲೇರಿತು, ರಾಷ್ಟ್ರಗೀತೆ ಮುಗಿದದ್ದೇ ನಿರೂಪಕರು “ಈಗ ನಾಡಗೀತೆ, ಎಲ್ಲರೂ ಹಾಗೇ ನಿಂತಿರಬೇಕು” ಎಂದರು. ನಾಡಗೀತೆಯ ವೇಳೆ ಅಲುಗಾಡಬಾರದು, ಮಾತನಾಡಬಾರದೆಂದು ವರ್ಷವರ್ಷವೂ ಊರಿಗೆಲ್ಲ ಪಾಠ ಹೇಳುತ್ತಿದ್ದವನು ಸಂತೋಷಕುಮಾರನೇ. ಸಿಟ್ಟನ್ನು ನುಂಗಿ, ಸೆಟೆದು ನಿಂತ.

ಕಾಶೀರಾಮ ಮೊದಲ ಸಾಲು ಎತ್ತಿಕೊಂಡ. ಎರಡನೆಯದಕ್ಕೆ, ಯಥಾಪ್ರಕಾರ, ದಾರಿ ತಪ್ಪಿತು. ಬಾಯಿ ತೆರೆದೇ ಇತ್ತು, ದನಿಯಿಲ್ಲ. ಮೇಡಂನ ಮೊಬೈಲಿನಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಕನ್ನಡ ಅಕ್ಷರಗಳ ಮೇಲೆ ಒಂದೊಂದೇ ಕಲ್ಲು ತುಳಿಯುತ್ತ ಹೊರಟವನಿಗೆ, ಎದುರಿನಿಂದ ಏನೋ ಗುಂಯ್ ಎಂದು ಕೇಳಿತು.

ಹೆಂಗಸರ ಸಾಲು ಹಾಡುತ್ತಿತ್ತು. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಬೆರಳಿಟ್ಟುಕೊಂಡು. ಆಮೇಲೆ ಹಿಂದಿನ ಸಾಲಿನ ಮುದುಕರು. ಆಮೇಲೆ ಬಜಾರದ ಅಂಗಡಿಯವರು. ಮರಾಠಿ ಶಾಲೆಯಲ್ಲಿ ಕಲಿತ ಅರ್ಧ ಊರು, ಇಷ್ಟು ವರ್ಷ ಬರೀ ರಾಗ ಕೇಳಿ ಕೇಳಿ ಕಿವಿಯಲ್ಲಿಟ್ಟುಕೊಂಡ ಹಾಡಿಗೆ ಮೊದಲ ಸಲ ಮಾತು ಕೂಡಿಸಿಕೊಂಡಿತು. ಅವನು ಸುಮ್ಮನಾದ. ಹಾಡು ಸುಮ್ಮನಾಗಲಿಲ್ಲ, ಅವನಿಲ್ಲದೆಯೇ ಮುಂದಕ್ಕೆ ಹೋಯಿತು. ಒಬ್ಬರು ಮುಂದೆ, ಒಬ್ಬರು ಹಿಂದೆ, ಶ್ರುತಿಯಿಲ್ಲ, ತಾಳವಿಲ್ಲ. ಸಂತೋಷಕುಮಾರನ ಪಕ್ಕದಲ್ಲೇ ಅವನ ಅಜ್ಜಿ ಪುತಳಾಬಾಯಿ ಕೊರಳ ನರ ಉಬ್ಬಿಸಿ ಹಾಡುತ್ತಿದ್ದಳು. ಅವನು ಅಲುಗಾಡುವಂತಿರಲಿಲ್ಲವಾದ್ದರಿಂದ ಪೂರ್ತಿ ಕೇಳಲೇಬೇಕಾಯಿತು.

ಆಗ ಕಾಶೀರಾಮನಿಗೆ ತಿಳಿಯಿತು. ಹದಿನೆಂಟು ವರ್ಷ ಮೈದಾನ ಗಪ್‌ಚುಪ್ ಇದ್ದದ್ದು ಅವನ ಕಂಠಕ್ಕೆ ಮರುಳಾಗಿ ಅಲ್ಲ. ಅವರಿಗೆ ಸಾಹಿತ್ಯ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿಲ್ಲವೆಂದು ಹೇಳಿಕೊಳ್ಳಲು ಅವನ ಹಾಗೆಯೇ ನಾಚಿಕೊಂಡು ತುಟಿ ಬಿಗಿದು ನಿಂತಿದ್ದರು. ಗುಬ್ಬಿಗಳ ವಿಷಯ ಅವನಿಗೆ ಇಂದಿಗೂ ಖಾತ್ರಿಯಿಲ್ಲ.

ಹಾಡು ಮುಗಿದಾಗ ನಾಲ್ಕು ನಿಮಿಷ ಹತ್ತು ಸೆಕೆಂಡು ಆಗಿತ್ತು. ಶಿವಕಾಂತಾ ಮೇಡಂ ಹತ್ತಿರ ಬಂದರು. ಕಣ್ಣು ಒದ್ದೆಯಾಗಿದ್ದವು, ನಿಯಮ ಮಾತ್ರ ಒಣಗಿಯೇ ಇತ್ತು.

“ಹೊತ್ತು ಮೀರ್ತ್ರಿ ಕಾಶೀರಾಮ,” ಎಂದರು. “ಅದಿರ್ಲಿ ಅಂದ್ರೂ, ನಿಮ್ಮ ದನಿ ನನಗ ಕೇಳ್ಲೇ ಇಲ್ರಿ. ಏನಂತ ಬರೀಲಿ?”

“ಕೇಳಿಲ್ಲಂತ್ಲೇ ಬರೀರಿ,” ಎಂದ. ಬೀದರಿನ ಮೈಕು ಅಲ್ಲಿಗೆ ಮುಗಿಯಿತು. ದುಃಖವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಇಡೀ ಊರು ಹಾಡಿದ ಸಂತೋಷದ ನಟ್ಟನಡುವೆ, ತಾನು ಹಾಡಲಾಗಲಿಲ್ಲವೆಂಬ ಸಣ್ಣ ಸಂಕಟ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ಅಂಥ ಹೊತ್ತಿನಲ್ಲೂ ತನ್ನದನ್ನೇ ನೆನೆಯುವ ಬುದ್ಧಿಗೆ ಅವನಿಗೇ ನಾಚಿಕೆಯಾಯಿತು.

ಸಂತೋಷಕುಮಾರ ಎದುರು ಬಂದು ನಿಂತ. ಕಾಶೀರಾಮ ಅವನು ಕೇಳುವ ಮೊದಲೇ ಒಪ್ಪಿಕೊಂಡ. “ಅಕ್ಷರ ನಂದೇ ತಮ್ಮಾ. ಹದಿನೆಂಟು ವರ್ಷ ಇದರಾಗೇ ನೋಡಿ ಹಾಡೀನಿ. ಬೈಯೋದಿದ್ರ ಬೈ.”

ಸಂತೋಷಕುಮಾರ ಶಾಲು ಸರಿಮಾಡಿಕೊಂಡ. ಬೈಯಲು ಬಂದ ಮಾತು ನಾಲ್ಕು ನಿಮಿಷ ಹತ್ತು ಸೆಕೆಂಡಿನಲ್ಲಿ ಎಲ್ಲೋ ಉದುರಿಹೋಗಿತ್ತು. “ಬೈಯೋದು ಆಮ್ಯಾಲ ಆಗ್ಲಿ,” ಎಂದ ಗಡಸಾಗಿ. “ನಮ್ಮ ಅಜ್ಜಿ ಹಾಳಿ ವಾಪಸ್ ಕೊಡಂಗಿಲ್ಲಂತಾಳ. ಆಕಿ ಗೆಳತ್ಯಾರಿಗಿ ಇನ್ನಾ ಆರು ಬೇಕಂತ. ಅದಾವೇನ್ರಿ?”

ಮನೆಗೆ ನಡೆಯುವಾಗ ಶಾಲುಬಾಯಿ ಅವನ ಪಕ್ಕದಲ್ಲೇ ಇದ್ದಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ನೀರಿನ ಟಾಕಿ ದಾಟಿದ ಮೇಲೆ ಕೇಳಿದಳು:

“ಇದು ನಿಮ್ಮ ಜೇಬಿನ್ಯಾಗ ಹದಿನೆಂಟು ವರ್ಷ ಇತ್ತೇನ್ರಿ?”

“ಹೂಂ.”

“ನಾ ಏನೋ, ನನಗ ಕನ್ನಡ ಓದ್ಲಿಕ್ಕ ಬರಂಗಿಲ್ಲ, ಹಾಡು ನಮ್ಮಂಥೋರಿಗಿ ಅಲ್ಲ ಅನ್ಕೊಂಡಿದ್ನಿ. ಒಂದಿನ ನನ್ನ ಕೈಯಾಗ ಕೊಟ್ಟಿದ್ರ ಏನು ಹೋಗ್ತಿತ್ತು?”

ಏನೂ ಹೋಗುತ್ತಿರಲಿಲ್ಲ. ಅವನ ಗವಾಯಿಗಿರಿ ಒಂದು ಹೋಗುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವತ್ತು ಬರಲಿಲ್ಲ. “ತಪ್ಪಾತು” ಎಂದ. ಆಕೆ ಸೆರಗಿನ ಗಂಟು ಬಿಗಿಮಾಡಿಕೊಂಡು ಮುಂದೆ ನಡೆದಳು.

ಅಕ್ಟೋಬರಿನಲ್ಲಿ ಬೀದರಿನಿಂದ ಪತ್ರ ಬಂತು. ಹಾಡಲು ಬೇರೊಬ್ಬರನ್ನು ಆರಿಸಿದ್ದರು. ಕಾಶೀರಾಮ ಮಾತ್ರ ಒಂದು ಸಾವಿರ ಹಾಳೆ ಮಾಡಿಸಿ ತರಬೇಕು. ಮೇಲೆ ಮಡೆಪ್ಪ ಮಾಸ್ತರರ ಕನ್ನಡ, ಕೆಳಗೆ ಅವನ ಮರಾಠಿ ಅಕ್ಷರ. “ನನ್ನ ಗಂಟಲಾ ಬ್ಯಾಡಂತ, ಕೈ ಬೇಕಂತ,” ಎಂದು ಚಹಾದಂಗಡಿಯಲ್ಲಿ ಅವನೇ ಮೊದಲು ಹೇಳಿ ನಕ್ಕ. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಡುವುದು ಲೇಸೆಂದು ಅಷ್ಟರಲ್ಲಿ ಕಲಿತಿದ್ದ.

ನವೆಂಬರ್ ಒಂದರಂದು ಇಬ್ಬರೂ ಬೀದರಿಗೆ ಹೋದರು. ಗೇಟಿನಲ್ಲಿ ನಿಂತು ಹಾಳೆ ಹಂಚಿ ಮುಗಿಸಿ ಜನರ ನಡುವೆ ಬಂದು ನಿಂತರು. ಹಾಡು ಶುರುವಾಯಿತು. ಎರಡು ಸಾಲು ಕಳೆಯುವಷ್ಟರಲ್ಲಿ ಕಾಶೀರಾಮನ ಹಳೆಯ ಚಟ ಎದ್ದು ಕೂತಿತು. ಕಣ್ಣು ಮುಚ್ಚಿದ, ಎದೆ ಉಬ್ಬಿಸಿದ, ಪಂಪ್‌ಹೌಸಿನ ದನಿ ತೆಗೆದ. ಪಕ್ಕದಿಂದ ಮೊಣಕೈಯ ಒಂದು ತಿವಿತ ಬಿತ್ತು.

“ಸಣ್ಣಗ ಹಾಡ್ರಿ,” ಎಂದಳು ಶಾಲುಬಾಯಿ, ಹಾಳೆಯಿಂದ ಕಣ್ಣು ತೆಗೆಯದೆ. “ನನ್ನ ದನಿ ನನಗೇ ಕೇಳ್ಸವಲ್ದು.”

ಕಾಶೀರಾಮ ದನಿ ತಗ್ಗಿಸಿದ. ಆಮೇಲೆ ಪೂರ್ತಿ ನಿಲ್ಲಿಸಿ, ಆಕೆ ಹಾಡುವುದನ್ನು ಕೇಳುತ್ತ ನಿಂತ.