ಮಲತಾಯಿಗೆ ಕೊಡಬೇಕಿದ್ದ ನಗು

ಉಳ್ಳೂರಿನಲ್ಲಿ ದಾರಿ ತಪ್ಪಿ ಮಲಯಾಳಿ ಆಟೋದವನನ್ನು ಕೇಳಿದೆ: "ಚೇಟ್ಟಾ, ಕನ್ನಡದವರ ನಾಟಕ ಎಲ್ಲಿ?"

"ಅದೋ, ಗಂಡಸೊಬ್ಬ ಸೀರೆ ಉಟ್ಟು ನಿಂತಿದ್ದಾನಲ್ಲ, ಅಲ್ಲೇ ಚೇಚಿ."

ಸೀರೆ ಉಟ್ಟವರು ಗೆಳತಿ ಸುಮಾಳ ಗಂಡ, ಬ್ಯಾಂಕಿನ ರಾಯರು. ಗಾಜಿನ ಚಪ್ಪಲಿಯ ಹುಡುಗಿಯ ಹಾಸ್ಯ ಗೀತನಾಟಕದಲ್ಲಿ ಪ್ರತಿವರ್ಷ ಸುಮಾಳೇ ಮಲತಾಯಿ. ಅವಳು ಕರೆದಾಗಲೆಲ್ಲ ನಾನು ಇನ್ಯಾವುದೋ ದೇಶದಲ್ಲಿರುತ್ತಿದ್ದೆ. ಈ ಸಲ ಅವಳೇ ಇಲ್ಲ.

"ಮುಂದಿನ ಸಾಲಲ್ಲೇ ಕೂತ್ಕೊಳ್ಳಿ," ಎಂದರು ರಾಯರು. "ನಿಮ್ಮದೊಂದು ನಗು ಬಾಕಿಯಿದೆ ಅಂತ ಆಸ್ಪತ್ರೆಯಲ್ಲೂ ಹೇಳ್ತಿದ್ಲು."

ಮಲತಾಯಿಯಾಗಿ ಗಾಜಿನ ಚಪ್ಪಲಿಗೆ ತಮ್ಮ ದೊಡ್ಡ ಪಾದ ತುರುಕುತ್ತಾ ಹಾಡುತ್ತಿದ್ದ ರಾಯರ ದನಿ ನಡುವೆ ಒಡೆಯಿತು. ನಾನು ಗಟ್ಟಿಯಾಗಿ ನಕ್ಕೆ. ಸಭೆಯೂ ನಕ್ಕಿತು, ಅವರು ಹಾಡು ಮುಗಿಸಿದರು.

ಪಕ್ಕದಾಕೆ ನನ್ನ ಒದ್ದೆ ಕೆನ್ನೆ ನೋಡಿ, "ಅಷ್ಟೊಂದು ತಮಾಷೆಯಾಗಿತ್ತೇನ್ರೀ?" ಎಂದಳು.

"ಹಳೇ ಬಾಕಿ," ಎಂದೆ, "ಬಡ್ಡಿ ಸೇರಿಸಿ ಕೊಟ್ಟೆ."