ಡ್ರೈವರಣ್ಣನ ಗಡ್ಡ

ಬ್ಯಾಸ್ಕೆಟ್‌ಬಾಲ್ ತಂಡದ ಬಸ್ಸು ಓಡಿಸುವವನಿಗೆ ಆಟ ಗೊತ್ತಿರಲೇಬೇಕು ಎಂದೇನಿಲ್ಲ. ಇವನಿಗಂತೂ ಗೊತ್ತಿರಲಿಲ್ಲ. ಚೆಂಡು ಬುಟ್ಟಿಗೆ ಬಿದ್ದರೆ ಜನ ಕೂಗುತ್ತಾರೆ, ಬೀಳದಿದ್ದರೆ ಕೋಚ್ ಕೂಗುತ್ತಾನೆ. ಇಷ್ಟು ತಿಳಿದಿದ್ದರೆ ಬಸ್ಸು ಓಡುತ್ತದೆ. ಆಟಗಾರರು ಬರುತ್ತಿದ್ದರು, ಹೋಗುತ್ತಿದ್ದರು, ಅವನೂ ಬಸ್ಸೂ ಮಾತ್ರ ಇದ್ದಲ್ಲೇ ಇದ್ದರು. ಬಂದವರೆಲ್ಲ ಅವನನ್ನು ಡ್ರೈವರಣ್ಣ ಎಂದೇ ಕರೆದರು.

ಆ ವರ್ಷ ಸೀಸನ್ ಶುರುವಾಗುವ ಮುಂಚೆ, ತಂಡಕ್ಕಿನ್ನೂ ರಜೆ ಇದ್ದಾಗ, ಡ್ರೈವರಣ್ಣನ ಹೆಂಡತಿ ತೀರಿಕೊಂಡಳು. ತಲೆನೋವು ಎಂದು ಬೆಳಿಗ್ಗೆ ಮಲಗಿದವಳು ಮತ್ತೆ ಏಳಲಿಲ್ಲ. ರಜೆಯಾದ್ದರಿಂದ ತಂಡದ ಯಾರಿಗೂ ಸುದ್ದಿ ಮುಟ್ಟಲಿಲ್ಲ. ಮೊದಲ ದಿನ ಕ್ಯಾಪ್ಟನ್ ಬಾಗಿಲಲ್ಲಿ ತಲೆ ಬಗ್ಗಿಸಿ ಹತ್ತುತ್ತಾ, "ಏನ್ ಡ್ರೈವರಣ್ಣ, ಮನೇಲಿ ಎಲ್ಲ ಚೆನ್ನಾಗಿದಾರಾ?" ಎಂದ.

"ಹೂಂ, ಚೆನ್ನಾಗಿದಾರೆ," ಎಂದುಬಿಟ್ಟ ಡ್ರೈವರಣ್ಣ.

ಬಾಯಿ ತನ್ನ ಪಾಡಿಗೆ ತಾನು ಆಡಿದ ಮಾತು ಅದು. ಆಮೇಲೆ ತಿದ್ದುವುದು ಹೇಗೆ? ಮರುದಿನ ಹೋಗಿ, 'ನಿನ್ನೆ ತಪ್ಪು ಹೇಳಿದೆ ಕಣಪ್ಪ, ಹೆಂಡತಿ ಸತ್ತಿದಾಳೆ' ಎನ್ನಲಾಗುತ್ತದೆಯೇ? ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಮುಂದೂಡಿದ. ಹೇಳದೆ ಹೋದ ಮಾತು ದಿನ ಕಳೆದಂತೆ ಹೇಳಲಾಗದ ಮಾತಾಯಿತು.

ಮನೆಯಲ್ಲಿ ತಂಗಿ ಬಂದು ಠಿಕಾಣಿ ಹೂಡಿದ್ದಳು. ಅವಳದು ತಾಯಿಕರುಳು, ಅದರಲ್ಲಿ ಎರಡು ಮಾತಿಲ್ಲ, ಆದರೆ ಆ ಕರುಳಿಗೆ ಹೊತ್ತುಗೊತ್ತು ಇರಲಿಲ್ಲ. ಅಣ್ಣ ಎಷ್ಟು ತುತ್ತು ತಿಂದ, ರಾತ್ರಿ ಎಷ್ಟು ಸಲ ಹೊರಳಿದ, ಎಲ್ಲದರ ಮೇಲೂ ಕಣ್ಣು. "ಒಂದ್ಸಲ ಅತ್ತುಬಿಡಣ್ಣ, ಹಗುರಾಗತ್ತೆ," ಎಂದು ಅವನ ಮುಖವನ್ನೇ ನೋಡುತ್ತಾ ಕೂರುವಳು, ನೀರು ಬಿಡುವ ಹೊತ್ತಿಗೆ ನಲ್ಲಿಯ ಮುಂದೆ ಬಿಂದಿಗೆ ಇಟ್ಟುಕೊಂಡು ಕೂತವರ ಹಾಗೆ. ಅಕ್ಕಪಕ್ಕದವರೂ ಬಂದು, ಎಂಥ ಹೆಂಗಸು, ದೇವರಂಥ ಹೆಂಗಸು ಎಂದು ಹೊಗಳಿ, ಅವನ ಭುಜ ತಟ್ಟಿ ಹೋಗುತ್ತಿದ್ದರು. ಅವನಿಗೆ ಅಳು ಬರುತ್ತಿರಲಿಲ್ಲ. ದುಃಖವೂ ಇದ್ದಂತಿರಲಿಲ್ಲ. ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡ ಮೇಲೆ ಕೆನ್ನೆ ತನ್ನದೇ ಅಲ್ಲ ಎನಿಸುತ್ತದಲ್ಲ, ಇಡೀ ಮೈ ಹಾಗಾಗಿತ್ತು.

ಸೀಸನ್ನಿನ ಮೊದಲ ಪಂದ್ಯದಲ್ಲಿ ತಂಡ ಸೋತಿತು. ಆ ತಂಡದಲ್ಲಿ ಒಂದು ಕಟ್ಟುಪಾಡಿತ್ತು. ಗೆದ್ದರೆ ದಾರಿಯುದ್ದಕ್ಕೂ ಹಾಡು, ಕುಣಿತ, ಸೀಟು ಬಡಿತ. ಸೋತರೆ ಬಸ್ಸು ಹತ್ತಿದ ಗಳಿಗೆಯಿಂದ ಕೊನೆಯವನು ಇಳಿಯುವವರೆಗೆ ಯಾರೂ ತುಟಿ ಪಿಟಕ್ ಎನ್ನುವ ಹಾಗಿಲ್ಲ. ಫೋನೂ ಇಲ್ಲ, ಪಿಸುಮಾತೂ ಇಲ್ಲ. ಯಾವ ಕಾಲದ ಯಾವ ಕೋಚ್ ಮಾಡಿದ್ದೋ, ಎಲ್ಲರೂ ಶಿರಸಾವಹಿಸಿ ಪಾಲಿಸುತ್ತಿದ್ದರು.

ಅಂದು ಸಂಜೆ ಬಿಸಿಲಲ್ಲಿ, ಅಷ್ಟೆತ್ತರದ ಆಳುಗಳು ಮೊಣಕಾಲು ಮಡಚಿಕೊಂಡು ಹಿಂದೆ ಸುಮ್ಮನೆ ಕೂತಿರುವಾಗ, ಡ್ರೈವರಣ್ಣನಿಗೆ ಎಷ್ಟೋ ದಿನಗಳ ಮೇಲೆ ಉಸಿರು ಸಲೀಸಾಯಿತು. ಯಾರೂ ಏನೂ ಕೇಳುತ್ತಿರಲಿಲ್ಲ. ಯಾರೂ ಅವನ ಮುಖ ನೋಡುತ್ತಿರಲಿಲ್ಲ. ಎಂಜಿನ್ನಿನ ಸದ್ದು, ರಸ್ತೆ, ಅಷ್ಟೇ. ಜಗತ್ತಿನಲ್ಲಿ ತನಗೆ ಇರಲು ಸಾಧ್ಯವಾಗುವ ಜಾಗ ಇದೊಂದೇ ಎನಿಸಿತು. ಊರು ಹತ್ತಿರ ಬಂದಾಗ ಬೇಕೆಂದೇ ಬಳಸುದಾರಿ ಹಿಡಿದ.

ಎರಡನೆಯದನ್ನೂ ಸೋತರು. ಮೂರನೆಯದಕ್ಕೆ ಹೋಗುವಾಗ ಡ್ರೈವರಣ್ಣ ತನಗೇ ಗೊತ್ತಿಲ್ಲದೆ, ಇವತ್ತೂ ಸೋಲಲಿ ಎಂದುಕೊಂಡ. ಎಂದುಕೊಂಡದ್ದು ತಿಳಿದಾಗ ಮೈ ಜುಮ್ಮೆನ್ನಬೇಕಿತ್ತು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ ತಾನೇ? ಆದರೆ ನಾಚಿಕೆಯೂ ಹತ್ತಿರ ಸುಳಿಯಲಿಲ್ಲ. ತಂಡ ಸೋಲುತ್ತಲೇ ಹೋಯಿತು. ಒಂದು ಪಂದ್ಯದ ಕೊನೆಯಲ್ಲಿ ಚೆಂಡು ಬುಟ್ಟಿಯ ಬಳೆಯ ಸುತ್ತ ಗಿರಕಿ ಹೊಡೆದು ಹೊರಗೆ ಬಿತ್ತು. ಅಂಗಣವೆಲ್ಲ ಅಯ್ಯೋ ಎಂದಾಗ, ಬಾಗಿಲ ಬಳಿ ನಿಂತ ಇವನೊಬ್ಬ ನೆಮ್ಮದಿಯಿಂದ ಬಸ್ಸಿನ ಕೀ ತೆಗೆದ.

ಗಡ್ಡ ಬಿಟ್ಟದ್ದಕ್ಕೆ ಯಾವ ಕಾರಣವೂ ಇರಲಿಲ್ಲ. ಕನ್ನಡಿಯ ಮುಂದೆ ನಿಲ್ಲಲು ಬೇಸರ, ಅಷ್ಟೇ. ಆದರೆ ಆಟಗಾರರ ತಲೆ ಬೇರೆಯೇ ಥರ ಓಡುತ್ತದೆ. ಅವರಲ್ಲಿ ಒಬ್ಬ ಎಡಗಾಲಿನ ಬೂಟನ್ನೇ ಮೊದಲು ಹಾಕುವವನು, ಇನ್ನೊಬ್ಬ ಗೆದ್ದ ದಿನದ ಕಾಲುಚೀಲ ಒಗೆಯದವನು. ಗೆಲ್ಲುವವರೆಗೆ ಗಡ್ಡ ತೆಗೆಯುವುದಿಲ್ಲ ಎಂಬ ಹರಕೆ ಅವರಿಗೆ ಹೊಸದಲ್ಲ. ತಂಡದಲ್ಲಿ ಎಲ್ಲರಿಗಿಂತ ಕುಳ್ಳನಾದ್ದರಿಂದ ಗಿಡ್ಡ ಎಂದು ಹೆಸರಾದ, ಆದರೆ ಮನೆಬಾಗಿಲುಗಳಿಗೆಲ್ಲ ಹಣೆ ಬಡಿಸಿಕೊಳ್ಳುವ ಹುಡುಗನೊಬ್ಬನಿದ್ದ. ಡ್ರೈವರಣ್ಣನ ಗಡ್ಡದಲ್ಲಿ ಆ ಹರಕೆಯನ್ನು ಮೊದಲು ಕಂಡುಹಿಡಿದವನು ಅವನೇ.

"ನೋಡ್ರೋ, ನಮಗಿಂತ ಡ್ರೈವರಣ್ಣಂಗೇ ಜಾಸ್ತಿ ನೋವಾಗಿದೆ. ಹೇಗೆ ಸೊರಗಿ ಹೋಗಿದಾರೆ ನೋಡಿ. ಗೆಲ್ಲೋವರ್ಗೂ ಗಡ್ಡ ತೆಗಿಯಲ್ವಂತೆ."

'ಅಂತೆ' ಎಂದು ಸೇರಿಸಿದವನೂ ಅವನೇ. ಮುಂದಿನ ವಾರಕ್ಕೆ ಅವನ ಗಲ್ಲದ ಮೇಲೂ ಕುರುಚಲು ಬಂತು, ಆಮೇಲೆ ಕ್ಯಾಪ್ಟನ್ನಿನದು, ಆಮೇಲೆ ಮಿಕ್ಕವರದು. ಸೀಸನ್ ಮುಗಿಯುವ ಹೊತ್ತಿಗೆ ಕೋಚ್ ಕೂಡ ಗಡ್ಡಧಾರಿ. ಯಾಕೆ ಎಂದು ಡ್ರೈವರಣ್ಣ ಕೇಳಲಿಲ್ಲ. ಇವರೆಲ್ಲ ಯಾಕೆ ಹೀಗೆ ಕಾಡುಜನರ ಹಾಗೆ ಆಗುತ್ತಿದ್ದಾರೆ ಎಂಬ ಕುತೂಹಲವೂ ಅವನಿಗೆ ಉಳಿದಿರಲಿಲ್ಲ.

ಕೊನೆಯ ಪಂದ್ಯ ಪರ ಊರಿನಲ್ಲಿತ್ತು. ಅದನ್ನೂ ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯಬೇಕು, ಗೆದ್ದರೆ ಹೇಗೋ ಮಾನ ಉಳಿಯುತ್ತದೆ. ಡ್ರೈವರಣ್ಣ ಅಂದು ಅಂಗಣದ ಒಳಗೇ ಹೋಗಲಿಲ್ಲ. ಬಸ್ಸಿನಲ್ಲಿ ಕೂತು ಗೋಡೆ ನೋಡುತ್ತಿದ್ದ. ಒಳಗಿನಿಂದ ಕೂಗು ಎದ್ದಿತು. ಆ ಊರಿನವರದಲ್ಲ, ತನ್ನ ಹುಡುಗರ ಗಂಟಲು ಎಂದು ತಕ್ಷಣ ಗುರುತಾಯಿತು. ಇನ್ನು ಆ ದಾರಿಯಿಡೀ ಹಾಡು ಕೇಳಬೇಕು. ಆಮೇಲೆ ಸೀಸನ್ನೂ ಇಲ್ಲ, ಬಸ್ಸೂ ಇಲ್ಲ, ಬರೀ ಮನೆ.

ಹುಡುಗರು ಬಂದರು. ಸುಮ್ಮನೆ ಬರಲಿಲ್ಲ, ಒಂದು ಟವೆಲ್ಲು, ಸೋಪಿನ ನೊರೆಯ ಡಬ್ಬ, ಹೊಸ ರೇಜರು ಹಿಡಿದು, ಕಿರುಚುತ್ತಾ ಬಂದು ಡ್ರೈವರ್ ಸೀಟನ್ನು ಮುತ್ತಿದರು. ಗಿಡ್ಡ ಅವನ ಕೊರಳಿಗೆ ಟವೆಲ್ಲು ಸುತ್ತಿಯೇಬಿಟ್ಟ. ಯಾರೋ ಹಿಂದಿನಿಂದ ಹಾಡು ಎತ್ತಿಕೊಂಡರು.

"ಇದೇನ್ರೋ ಇದು?"

"ಹರಕೆ ತೀರ್ತಲ್ಲ ಡ್ರೈವರಣ್ಣ!" ಎಂದ ಕ್ಯಾಪ್ಟನ್. ಅವನ ಕಣ್ಣು ಒದ್ದೆಯಾಗಿತ್ತು. "ನಮ್ಮ ಜೊತೆ ನಿಂತೋರು ನೀವೊಬ್ರೇ. ಸೋತು ಹತ್ತಿದಾಗೆಲ್ಲ ನಿಮ್ಮ ಮುಖ ನೋಡೋಕಾಗ್ತಿರ್ಲಿಲ್ಲ ನಮಗೆ. ಇವತ್ತು ನಿಮಗೋಸ್ಕರ ಆಡಿದ್ವಿ. ಮೊದ್ಲು ಈ ಗಡ್ಡ ತೆಗೀರಿ. ಮನೇಲಿ ಅಕ್ಕಂಗೂ ನೋಡಿ ನೋಡಿ ಸಾಕಾಗಿರತ್ತೆ, ಪಾಪ."

ನೊರೆ ಕೆನ್ನೆಗೆ ತಣ್ಣಗೆ ತಾಗಿತು. ಡ್ರೈವರಣ್ಣ ಗಿಡ್ಡನ ಕೈ ಹಿಡಿದುಕೊಂಡ. ಈಗಲೂ 'ಹೂಂ' ಎಂದುಬಿಡಬಹುದಿತ್ತು. ಬಾಯಿ ಅದಕ್ಕೇ ತೆರೆದಿತ್ತು.

"ಅಕ್ಕ ಇಲ್ಲ ಕಣಪ್ಪ," ಎಂದ. "ತೀರ್ಕೊಂಡ್ಲು. ಸೀಸನ್ ಶುರುವಾಗೋಕೆ ಮುಂಚೇನೇ."

ಹಾಡು ಮುಂದಿನ ಸೀಟುಗಳಲ್ಲಿ ಮೊದಲು ನಿಂತಿತು, ಆಮೇಲೆ ಹಿಂದೆ. ಗೆದ್ದ ತಂಡದ ಬಸ್ಸು ಸೋತ ತಂಡದ ಬಸ್ಸಿನ ಹಾಗೆ ಗಪ್‌ಚಿಪ್ಪಾಯಿತು. ಸೀಸನ್ನಿಡೀ ಅವನು ಬಯಸಿದ್ದು ಇದನ್ನೇ. ಆದರೆ ಇದನ್ನು ತಾಳಿಕೊಳ್ಳಲು ಅವನಿಂದ ಆಗಲಿಲ್ಲ. ಅಷ್ಟೂ ಜನ ತನ್ನನ್ನೇ ನೋಡುತ್ತಿದ್ದರು, ಅವರ ಗಡ್ಡಗಳನ್ನು ಅವನು ಈಗ ಮೊದಲ ಸಲ ಸರಿಯಾಗಿ ನೋಡಿದ.

"ಹಾಡ್ರೋ, ಯಾಕ್ ನಿಲ್ಸಿದ್ರಿ?" ಎಂದ.

ಗಿಡ್ಡ ಟವೆಲ್ಲಿನ ತುದಿಯಿಂದ ಅವನ ಕೆನ್ನೆಯ ನೊರೆ ಒರೆಸತೊಡಗಿದ. "ನಾವು ನೋಡ್ಲೇ ಇಲ್ವಲ್ಲ ಡ್ರೈವರಣ್ಣ ಅಕ್ಕನ್ನ," ಎಂದ ಮೆಲ್ಲಗೆ. "ಹೇಗಿದ್ರು ಅವ್ರು?"

ಇದನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ. ಎಲ್ಲರೂ ಅವಳು ಹೇಗಿದ್ದಳೆಂದು ಅವನಿಗೇ ಹೇಳಿ ಹೋಗಿದ್ದರು. ಡ್ರೈವರಣ್ಣ ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡ.

"ಬಾಯ್ಬಡಕಿ ಕಣಪ್ಪ," ಎಂದ. ಅವನಿಗೇ ನಗು ಬಂತು. "ನಾನು ಮನೆಗೆ ಕಾಲಿಟ್ರೆ ಸಾಕು, ಶುರು. ನಿದ್ದೇಲೂ ಮಾತೇ. ಒಂದೇ ಒಂದು ನಿಮಿಷ ಸುಮ್ನಿರ್ತಿರ್ಲಿಲ್ಲ."

ಕೊನೆಯ ಮಾತು ಅರ್ಧಕ್ಕೇ ಒಡೆಯಿತು. ಅವನು ಸ್ಟಿಯರಿಂಗಿಗೆ ಹಣೆ ಹಚ್ಚಿದ. ಅಂಗಣದ ಹೊರಗೆ ನಿಂತ ಬಸ್ಸಿನ ಹಾರ್ನು ಹಣೆಯ ಭಾರಕ್ಕೆ ಅದುಮಿಕೊಂಡು ಕೂಗತೊಡಗಿತು, ಅದನ್ನು ನಿಲ್ಲಿಸಲು ಯಾರೂ ಕೈ ಹಾಕಲಿಲ್ಲ.